ಶ್ಯಾವಿಗೆ ಕಂಪನಿ, ಮರ್ಯಾದಿತ

ಗೋಧಿ ಕೊಳ್ಳುವಾಗ ಖಾಲಾ ಕಣ್ಣನ್ನು ನಂಬುತ್ತಿರಲಿಲ್ಲ. ಒಂದು ಕಾಳನ್ನು ಬುರ್ಖಾದ ಒಳಗೇ ಬಾಯಿಗೆ ಹಾಕಿಕೊಂಡು ಕಟ್ಟೆಂದು ಕಡಿಯುತ್ತಿದ್ದರು. ಹುಮನಾಬಾದಿನ ಸಂತೆಯಲ್ಲಿ ಗೋಧಿಯವರೆಲ್ಲ ಆ ಸದ್ದಿಗೆ ಕಾಯುತ್ತಿದ್ದರು. ಸದ್ದು ಕೇಳಿದರೆ ಜವೆಗೋಧಿ ಪಾಸು. ಕೇಳದಿದ್ದರೆ ಒಳಗಿನಿಂದ ತಣ್ಣಗಿನ ದನಿಯೊಂದು ಬರುತ್ತಿತ್ತು: “ಭೈಯ್ಯಾ, ಇದನ್ನ ಮನೀಗಿ ಒಯ್ದು ನಿನ್ನ ಅತ್ತೀಗಿ ಕೊಡು. ಹಲ್ಲಿಲ್ಲದಾಕಿಗಿ ಛಲೋ ಆಗ್ತದ.”

ಈಗ ನನಗೇ ಹಲ್ಲಿಲ್ಲ. ಆದರೂ ಅವರನ್ನು ನೆನೆಸಿಕೊಂಡರೆ ಮುಖಕ್ಕಿಂತ ಮೊದಲು ಆ ಕಟ್ಟೆನ್ನುವ ಸದ್ದೇ ಬರುತ್ತದೆ.

ಶಾಲೆಯ ಹುಡುಗಿಯಾಗಿದ್ದ ನಾನು ಹೈದರಾಬಾದಿನ ಕಾನ್ವೆಂಟ್ ಬಿಟ್ಟು ಹುಮನಾಬಾದಿಗೆ ಬಂದದ್ದು ೧೯೪೭ರ ಕೊನೆಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ನಾವು ನಿಜಾಮರ ರಾಜ್ಯದವರು. ಪಟ್ಟಣದಲ್ಲಿ ಗಲಾಟೆಯ ಸುದ್ದಿ ಹೆಚ್ಚಿದಾಗ, ವಕೀಲರಾಗಿದ್ದ ಅಪ್ಪಾಜಿ ಬಂದು ನನ್ನ ಟ್ರಂಕು ಕಟ್ಟಿಸಿದರು. ತಾಯಿಯಿಲ್ಲದ ಮನೆ. ಹೋಮ್‌ಸಿಕ್ ಎಂಬ ಶಬ್ದವನ್ನು ನಾನು ಹಾಸ್ಟೆಲಿನಲ್ಲಿ ಕಲಿತಿದ್ದೆ, ಅದರ ಅರ್ಥವಾದದ್ದು ಮನೆಗೆ ಬಂದ ಮೇಲೆ. ಮಾತಾಡಲು ಯಾರೂ ಇಲ್ಲದೆ ನಾನು ಹಿತ್ತಲಿನ ಗೋಡೆಯ ಮೇಲೆ ಕೂತು ಪಕ್ಕದ ಮನೆಯ ಅಂಗಳ ನೋಡುತ್ತಿದ್ದೆ. ಅಲ್ಲಿ, ನಾನು ಮುಂದೆ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದ ಹೆಂಗಸು ಶ್ಯಾವಿಗೆ ಹೊಸೆಯುತ್ತಿದ್ದರು.

ಹೊರಸಿನ ಮೇಲೆ ಒಂದು ತುದಿ, ನೆಲದ ಕಡೆಗೆ ಇನ್ನೊಂದು ತುದಿ ಮಾಡಿ ಇಳಿಜಾರಾಗಿಟ್ಟ ಗೀರಿನ ಮಣೆ. ಮೇಲೆ ಖಾಲಾ ಕುದುರೆಯೇರಿದಂತೆ ಕೂತು ನಾದಿದ ಹಿಟ್ಟನ್ನು ಅಂಗೈಯಿಂದ ಒತ್ತಿ ಒತ್ತಿ ಇಳಿಸುತ್ತಿದ್ದರು. ಕೆಳಗೆ ಕೂತ ಶರಣಮ್ಮ ಇಳಿದು ಬಂದ ಎಳೆಗಳನ್ನು ತುಂಡಾಗದಂತೆ ಎಳೆದು ಕೋಲಿನ ಮೇಲೆ ಹಾಕುತ್ತಿದ್ದಳು. ಇಬ್ಬರ ಕೈಯ ವೇಗ ಒಂದೇ ಆಗದಿದ್ದರೆ ಎಳೆ ಹರಿಯುತ್ತದೆ. ಅವರದು ಹರಿದದ್ದನ್ನು ನಾನು ನೋಡಿಲ್ಲ.

ಖಾಲಾ ವಿಧವೆ, ಸತ್ತ ಗಂಡನ ಮನೆಯಲ್ಲಿ ಮೈದುನನ ಆಸರೆಯಲ್ಲಿದ್ದರು. ಶರಣಮ್ಮ ಅವರ ಹಿಂದಿನ ಮನೆಯ ಲಿಂಗಾಯತರ ವಿಧವೆ, ತವರು ಸೋಲಾಪುರದ ಕಡೆ. ಎರಡೂ ಹಿತ್ತಲಿನ ನಡುವಿನ ಗೋಡೆಯಲ್ಲಿ ಬಗ್ಗಿ ದಾಟುವಂಥ ಕಿರುಬಾಗಿಲಿತ್ತು. ರಂಜಾನಿಗೆ ಬೇಕಾದ ಸೇವಯ್ಯಾ, ಯುಗಾದಿಗೆ ಬೇಕಾದ ಶ್ಯಾವಿಗೆ, ಎರಡೂ ಆ ಒಂದೇ ಮಣೆಯಿಂದ ಇಳಿಯುತ್ತಿದ್ದವು. ಹುಮನಾಬಾದಿನಲ್ಲಿ ಮಾರಿ ಉಳಿದದ್ದು ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಖಾಲಾನ ಅಣ್ಣನ ಕಿರಾಣಿ ಅಂಗಡಿಗೆ ಹೋಗುತ್ತಿತ್ತು.

ಗೋಡೆಯ ಮೇಲೆ ಕೂತ ನನ್ನನ್ನು ಖಾಲಾ ಮೊದಲು ಮಾತಾಡಿಸಿದ್ದು ಹೀಗೆ: “ಏ ಕಾನ್ವೆಂಟ್ ಕೋತಿ, ಇಳಿದು ಬಾ. ನಿಮ್ಮ ಸಾಲಿ ಮದರ್ ನೋಡಿದ್ರ ಎದೀ ಒಡ್ಕೋತಾಳ.”

ಇಳಿದು ಹೋದೆ. ಒಂದು ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು ಕೇಳಿದರು, “ಸೂರ್ಯ ಕಾಣ್ತಾನ?”

“ಕಾಣ್ತಾನ್ರಿ.”

“ಹಂಗಾದ್ರ ಇದು ಶ್ಯಾವಿಗಿ. ಕಾಣ್ಲಿಲ್ಲಂದ್ರ ಹಗ್ಗ.”

ಅವರಿಗೊಂದು ದುಃಖವಿತ್ತು. ಕಲ್ಯಾಣಿಯಿಂದ ಹೈದರಾಬಾದಿನವರೆಗೂ ಆ ಶ್ಯಾವಿಗೆಯನ್ನು ಜನ ಕರೆಯುತ್ತಿದ್ದುದು ಮೈದುನನ ಹೆಸರಿನಿಂದ. ಅವನು ಒಮ್ಮೆಯೂ ಆ ಮಣೆಯನ್ನು ಮುಟ್ಟಿದವನಲ್ಲ. ಆ ಚಳಿಗಾಲದಲ್ಲಿ ಅವನೊಂದು ಮಾತು ಹೇಳಿದ: ಬರುವ ವರ್ಷದಿಂದ ವ್ಯಾಪಾರವನ್ನು ತನ್ನ ಅಳಿಯನಿಗೆ ಬಿಡುತ್ತೇನೆ, ನೀವಿಬ್ಬರೂ ಎಂದಿನಂತೆ ಹೊಸೆಯಿರಿ. ಕೆಟ್ಟ ಮನುಷ್ಯನಲ್ಲ; ಮನೆಯ ಎಮ್ಮೆಯನ್ನು ಅಳಿಯನಿಗೆ ಕೊಟ್ಟಷ್ಟೇ ಸಹಜವಾಗಿ ಹೇಳಿದ್ದ.

ಮರುದಿನವೇ ಖಾಲಾ, ಶರಣಮ್ಮ ನಮ್ಮ ಮನೆಗೆ ಬಂದರು. ಅಪ್ಪಾಜಿ ಪರದೆಯ ಈಚೆ, ಅವರಿಬ್ಬರು ಆಚೆ, ನಾನು ನಡುವೆ. ಪರಗಂಡಸಿನೊಡನೆ ಖಾಲಾ ನೇರ ಮಾತಾಡುವಂತಿರಲಿಲ್ಲ. ಹಾಗಾಗಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತಿದ್ದರೂ ಖಾಲಾನ ಮಾತೆಲ್ಲ ನನ್ನ ಮೂಲಕ ಹೋಗಬೇಕು. ಇಟ್ ವಾಸ್ ಸೋ ಸಿಲ್ಲಿ, ಆದರೆ ನನಗೆ ಮನೆಗೆ ಬಂದ ಮೇಲೆ ಮೊದಲ ಸಲ ಖುಷಿಯಾಗಿತ್ತು.

“ಅವರಿಗೆ ಹೇಳು,” ಅಂದರು ಅಪ್ಪಾಜಿ, “ಇದಕ್ಕ ಒಂದಽ ದಾರಿ, ಕಂಪನಿ ಮಾಡೋದು. ಕಂಪನಿ ಅಂದ್ರ ಕಾನೂನಿನ ಕಣ್ಣಾಗ ಒಬ್ಬ ಪರ್ಸನ್ ಇದ್ದಾಂಗ. ಅದಕ್ಕ ತನ್ನದಽ ಹೆಸರು, ತನ್ನದಽ ಆಸ್ತಿ. ಅದರ ಮ್ಯಾಲ ಮೈದುನಗ ಹಕ್ಕಿಲ್ಲ, ಅಳಿಯಗ ಹಕ್ಕಿಲ್ಲ.”

“ಹೆಣ್ಣೋ ಗಂಡೋ ಕೇಳು ಬೇಟಾ.”

ಅಪ್ಪಾಜಿ ಪುಸ್ತಕದಿಂದ ತಲೆಯೆತ್ತಿದರು. “ಎರಡೂ ಅಲ್ಲ.”

ಪರದೆಯ ಆಚೆ ಖಾಲಾನ ದನಿ ಏರಿತು. “ಶರಣೀ, ಕೇಳಿದ್ಯಾ? ಅದಕ್ಕ ಪರದಾ ಇಲ್ಲ, ಅತ್ತಿ ಮನಿ ಇಲ್ಲ. ಕಂಪನಿ ಅಂದ್ರ ಯಾರ ಮನೀ ಸೊಸಿನೂ ಅಲ್ಲ!”

“ಎಷ್ಟ್ ಮಂದಿ ಬೇಕ್ರಿ ಅದಕ್ಕ?” ಶರಣಮ್ಮ ಕೇಳಿದಳು.

“ಸಣ್ಣ ಕಂಪನಿಗೆ ಕಡಿಮಿ ಅಂದ್ರ ಇಬ್ಬರು. ಒಬ್ಬರಿಂದ ಆಗಂಗಿಲ್ಲ.”

“ಶ್ಯಾವಿಗಿಗೂ ಅಷ್ಟಽ ಬೇಕಲ್ರಿ. ಮ್ಯಾಲೊಬ್ಬಾಕಿ, ಕೆಳಗೊಬ್ಬಾಕಿ.”

“ಈ ಕಾನೂನು ಬರದಾಂವ ನಮ್ಮ ಶ್ಯಾವಿಗಿ ತಿಂದಾನ,” ಅಂದರು ಖಾಲಾ.

ಅಪ್ಪಾಜಿ ನಗು ತಡೆದುಕೊಂಡು ಮುಂದುವರಿಸಿದರು. ಕಂಪನಿಗೊಂದು ಹೆಸರು ಬೇಕು. ಏನು ಕೆಲಸ ಮಾಡುತ್ತದೆಂದು ಬರೆಯಬೇಕು. ಕಾಗದ ಬಂದರೆ ತಲುಪಲು ಒಂದು ಕಾಯಂ ಠಿಕಾಣಿ ಬೇಕು. ಮೆಮೊರೆಂಡಮ್ ಎಂಬುದರಲ್ಲಿ ಇದನ್ನೆಲ್ಲ ಬರೆದು, ಸಾಕ್ಷಿಯ ಎದುರಿಗೆ ಇಬ್ಬರೂ ಸಹಿ ಹಾಕಿ, ಹೈದರಾಬಾದಿನ ದಫ್ತರಕ್ಕೆ ಕಳಿಸಬೇಕು. ಅಲ್ಲಿ ನೋಂದಾಯಿಸಿಕೊಂಡ ದಿನ ಕಂಪನಿ ಹುಟ್ಟುತ್ತದೆ.

“ಮತ್ತ ನಾವು ಸತ್ರ?” ಶರಣಮ್ಮ ಕೇಳಿದಳು.

“ನೀವು ಸತ್ರೂ ಕಂಪನಿ ಸಾಯಂಗಿಲ್ಲ. ಅದಽ ಅದರ ವಿಶೇಷ.”

ಶರಣಮ್ಮ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಮತ್ತೇನೂ ಕೇಳಲಿಲ್ಲ.

ನಿಜವಾದ ಜಗಳವಾದದ್ದು ಹೆಸರಿನ ಕೊನೆಯ ಶಬ್ದಕ್ಕೆ. ಶರಣಮ್ಮನ ತವರಿನಿಂದ ಒಂದು ತಗಡಿನ ಡಬ್ಬಿ ಬಂದಿತ್ತು, ಮೇಲೆ ಮರಾಠಿಯಲ್ಲಿ ಯಾವುದೋ ಮಂಡಳಿಯ ಹೆಸರು, ಅದರ ಕೊನೆಗೆ ‘ಮರ್ಯಾದಿತ’ ಎಂದು. ಶರಣಮ್ಮನಿಗೆ ಮರಾಠಿ ಅಕ್ಷರ ಬರುತ್ತಿದ್ದವು. ಅವಳು ಓದಿದಳು, ಇಬ್ಬರೂ ಸೇರಿ ಅರ್ಥ ಮಾಡಿಕೊಂಡರು: ಮಾನ ಮರ್ಯಾದೆಯಿಂದ ವ್ಯಾಪಾರ ಮಾಡುವವರಿಗೆ ಸರ್ಕಾರ ಕೊಡುವ ಬಿರುದು ಅದು. ತಮ್ಮ ಕಂಪನಿಗೂ ಅದು ಬೇಕೇ ಬೇಕು.

“ಅದು ಬಿರುದಲ್ಲ, ಲಿಮಿಟೆಡ್ ಅನ್ನೋದಕ್ಕ ಮರಾಠಿ,” ಅಂದರು ಅಪ್ಪಾಜಿ. “ಅಂದ್ರ ಕಂಪನಿ ಮುಳುಗಿದ್ರ ನಿಮ್ಮ ನಷ್ಟಕ್ಕ ಒಂದು ಮಿತಿ ಅದ. ಹಾಕಿದ್ದು ಹೋಗ್ತದ, ಅದಕ್ಕಿಂತ ಹೆಚ್ಚಿಗಿ ಹೋಗಂಗಿಲ್ಲ. ಯಾರೂ ಬಂದು ನಿಮ್ಮ ಮನೀ ಹಂಡೆ ಕೊಡ ಒಯ್ಯಂಗಿಲ್ಲ.”

ನಾನು ಅದನ್ನು ದಾಟಿಸುವ ಮೊದಲೇ ಪರದೆ ಅಲುಗಾಡಿತು. “ವಕೀಲ್ ಸಾಬರಿಗಿ ಹೇಳು ಬೇಟಾ. ನಷ್ಟ ಆದ್ರ ಹಂಡೇನೂ ಕೊಡ್ತೀವಿ, ಕೊಡಾನೂ ಕೊಡ್ತೀವಿ. ಮಂದೀಗಿ ಇಷ್ಟರ ಮ್ಯಾಲ ಕೇಳಬ್ಯಾಡ್ರಿ ಅಂತ ಬೋರ್ಡ್ ಹಾಕೋದಾ? ಅದಕ್ಕ ಮರ್ಯಾದಿ ಅಂತಾರೇನು?”

“ಕಾನೂನಿನಾಗ ಹಂಗಽ ಅದ.”

“ಕಾನೂನಿನಾಗ ಲಿಮಿಟೆಡ್ ಅಂತ ಬರ್ಕೊಳ್ಳಲಿ. ನಮ್ಮ ಬೋರ್ಡಿನ ಮ್ಯಾಲ ಮರ್ಯಾದಿತ ಅಂತನಽ ಇರ್ತದ. ಅವರ ಅರ್ಥ ಅವರಿಗಿ, ನಮ್ಮ ಅರ್ಥ ನಮಗ.”

ಅಪ್ಪಾಜಿ ಸೋತರು. ನನ್ನ ಕಾನ್ವೆಂಟ್ ಡಿಕ್ಷನರಿಯಲ್ಲಿ ಲಿಮಿಟೆಡ್ ಎಂಬುದಕ್ಕೆ ಮಾನವೆಂಬ ಅರ್ಥ ಹುಡುಕಿ ನಾನೂ ಸೋತೆ.

ಡ್ರಾಫ್ಟು ಬರೆಯುವ ಕೆಲಸ ನನಗೆ ಬಂತು. ಉರ್ದು ಪ್ರತಿ ಅಪ್ಪಾಜಿಯದು, ಇಂಗ್ಲಿಷ್ ಪ್ರತಿ ನನ್ನ ಚೆಂದದ ಕರ್ಸಿವ್‌ನಲ್ಲಿ. ಠಿಕಾಣಿಗೆ ಶರಣಮ್ಮನ ಹಿತ್ತಲಿನ ಕೋಣೆ. ಸಹಿ ಹಾಕುವವರ ಪೂರ್ಣ ಹೆಸರು ಎಂಬಲ್ಲಿಗೆ ಬಂದಾಗ ನಾನು ಪೆನ್ನು ನಿಲ್ಲಿಸಿದೆ. ಖಾಲಾನ ಮನೆತನದಲ್ಲಿ ಹೆಂಗಸಿನ ಹೆಸರು ಹೊರಗಿನವರ ಬಾಯಿಗೆ ಬರಬಾರದೆಂಬ ರೂಢಿ. ಮೈದುನ ಕೂಡ ಭಾಭಿ ಅನ್ನುತ್ತಿದ್ದ. ಶರಣಮ್ಮ ಬೀಬಿ ಅನ್ನುತ್ತಿದ್ದಳು.

“ದಫ್ತರದಾಗ ಯಾರು ಬೇಕಾದ್ರೂ ಓದ್ತಾರ, ಖಾಲಾ,” ಅಂದೆ.

ಅವರು ಸುಮಾರು ಹೊತ್ತು ಅಂಗೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ಬಿಡಿಸಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಹೆಸರು ಹೇಳಿದರು. ಎಷ್ಟು ಚೆಂದದ ಹೆಸರು! ಬರೆದು ತೋರಿಸಿದೆ. ಇಂಗ್ಲಿಷ್ ಬಾರದಿದ್ದರೂ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಓದ್ಲಿ,” ಅಂದರು. “ಗೋರಿ ಮ್ಯಾಲೂ ಬರೆಯಂಗಿಲ್ಲ ನಮ್ಮದು. ಇಲ್ಲ್ಯಾದ್ರೂ ಇರ್ಲಿ.”

ಸಹಿಯನ್ನು ಮುಂದೂಡಿದ್ದು ಖಾಲಾನೇ. ಬೇಸಿಗೆ ಬಂದಿತ್ತು, ಶ್ಯಾವಿಗೆಯ ಸುಗ್ಗಿ. “ಈಗ ಕೈ ತುಂಬ ಹಿಟ್ಟು. ಸರ್ಕಾರದ ಕಾಗದಕ್ಕ ಮೆತ್ತಿದ್ರ ಇರುವಿ ಬಂದು ಕಂಪನಿ ತಿಂತಾವ. ಸುಗ್ಗಿ ಮುಗೀಲಿ.”

ಸುಗ್ಗಿ ಮುಗಿಯುವಷ್ಟರಲ್ಲಿ ಊರು ಬೇರೆಯಾಗಿತ್ತು. ನಿಜಾಮರ ಪರದ ಬಂದೂಕಿನ ಗುಂಪುಗಳು ಹಳ್ಳಿಗಳಿಗೆ ನುಗ್ಗುತ್ತಿದ್ದವು. ಹಿಂದೂ ಕುಟುಂಬಗಳು ಒಂದೊಂದಾಗಿ ಮನೆಗೆ ಬೀಗ ಹಾಕಿಕೊಂಡು ಗಡಿ ದಾಟುತ್ತಿದ್ದವು. ಶರಣಮ್ಮನ ಮನೆಯವರೂ ಸೋಲಾಪುರದ ಕಡೆಗೆ ಗಾಡಿ ಕಟ್ಟಿದರು. ಅವಳು ಕಿರುಬಾಗಿಲಲ್ಲಿ ಬಗ್ಗಿ ನಿಂತು ಶ್ಯಾವಿಗೆಯ ಕೋಲನ್ನು ಖಾಲಾನ ಕೈಗೆ ಕೊಟ್ಟಳು. “ಹಿಡ್ಕೊಂಡಿರು ಬೀಬಿ, ಬಂದ್ಬಿಡ್ತೀನಿ.”

“ಹೋಗಿ ಬಾ ಅನ್ನಂಗಿಲ್ಲ ನಾ,” ಅಂದರು ಖಾಲಾ. “ಬಾ ಅಂತೀನಿ, ಅಷ್ಟಽ.”

ಆ ರಂಜಾನಿಗೆ ಖಾಲಾ ನನ್ನನ್ನು ಮಣೆಯ ಕೆಳಗೆ ಕೂರಿಸಿಕೊಂಡರು. ನನ್ನ ಕೈಯಲ್ಲಿ ಎಳೆಗಳೆಲ್ಲ ಹರಿದವು. ಅವರು ಬೈಯಲಿಲ್ಲ. ಬೈಯದಿದ್ದುದಕ್ಕೇ ನನಗೆ ಹೆದರಿಕೆಯಾಯಿತು.

ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬಂತು, ಪೊಲೀಸ್ ಆ್ಯಕ್ಷನ್ ಎಂದರು. ನಿಜಾಮರ ರಾಜ್ಯ ಮುಗಿಯಿತು. ನಮ್ಮ ಓಣಿಯಲ್ಲಿ ಬಾವುಟ ಕಟ್ಟಿದರು, ನಾನೂ ಬೆಲ್ಲ ಹಂಚಿದೆ. ಅದರ ಬೆನ್ನಿಗೇ ಇನ್ನೊಂದು ಬಗೆಯ ಗುಂಪುಗಳು ಎದ್ದವು, ಈಗ ಮುಸಲ್ಮಾನರ ಮನೆಗಳನ್ನು ಹುಡುಕುತ್ತ. ಮೈದುನ ಎಲ್ಲರನ್ನೂ ಗಾಡಿಗೆ ಹತ್ತಿಸಿ ಕಲ್ಯಾಣಿಗೆ, ಖಾಲಾನ ಅಣ್ಣನ ಮನೆಗೆ ಹೊರಟ. ಅಲ್ಲಿ ತಮ್ಮವರು ಹೆಚ್ಚು, ಭಯವಿಲ್ಲ ಎಂದು. ಅಪ್ಪಾಜಿ ಗಾಡಿಯ ಹತ್ತಿರ ಹೋಗಿ, “ನಮ್ಮ ಮನ್ಯಾಗ ಇರ್ರಿ, ಹೋಗಬ್ಯಾಡ್ರಿ,” ಅಂದರು. ಖಾಲಾ ಅಂದು ನನ್ನನ್ನು ನಡುವೆ ಕರೆಯಲಿಲ್ಲ. ನೇರವಾಗಿ ಹೇಳಿದರು: “ಅಣ್ಣನ ಮನಿ ಅದ, ವಕೀಲ್ ಸಾಬ್. ಹೆಣ್ಣಿಗಿ ಮತ್ತೆಲ್ಲಿ?” ಹೊರಡುವ ಮೊದಲು ಶ್ಯಾವಿಗೆಯ ಮಣೆಯನ್ನೂ ಕೋಲನ್ನೂ ಕಿರುಬಾಗಿಲಿನಿಂದ ಶರಣಮ್ಮನ ಹಿತ್ತಲಿಗೆ ದೂಡಿ ಹೋಗಿದ್ದರು.

ಕಲ್ಯಾಣಿಯಲ್ಲಿ ಆದದ್ದನ್ನು ನಾನು ನೋಡಲಿಲ್ಲ, ನೋಡಿದವರು ಹೇಳಲಿಲ್ಲ. ಇಷ್ಟೇ ತಿಳಿದದ್ದು: ಗುಂಪು ಬಂದು ಗಂಡಸರನ್ನು ಹೊರಗೆ ಕರೆಯಿತು. ಅಣ್ಣ ಹೋದರು, ಅವರ ಮಗ ಹೋದ, ಮೈದುನನೂ ಹೋದ. ಯಾರೂ ತಿರುಗಿ ಬರಲಿಲ್ಲ. ಹುಮನಾಬಾದಿನಲ್ಲಿ ಖಾಲಾನ ಮನೆಗೆ ಬೆಂಕಿ ಬಿತ್ತು. ನಾವು ಕೊಡಗಳಲ್ಲಿ ನೀರು ಹೊತ್ತೆವು, ಗೋಡೆ ಮತ್ತು ಕಿರುಬಾಗಿಲು ಉಳಿದವು.

ಚಳಿ ಬೀಳುವ ಹೊತ್ತಿಗೆ ಶರಣಮ್ಮ ತಿರುಗಿ ಬಂದಳು. ತನ್ನ ಮನೆಯ ಬೀಗ ತೆಗೆಯದೆ ನೇರ ಹಿತ್ತಲಿಗೆ ಹೋಗಿ ಕಿರುಬಾಗಿಲು ತೆರೆದಳು. ಆಚೆಗೆ ಬೂದಿ. ಬಗ್ಗಿದವಳು ಹಾಗೇ ಬಗ್ಗಿಯೇ ನಿಂತಿದ್ದಳು, ನಾನು ಹೋಗಿ ಎಬ್ಬಿಸುವವರೆಗೆ.

ದಾರಿ ಸುಮಾರಾಗಿ ಶಾಂತವಾದ ಮೇಲೆ, ೧೯೪೯ರಲ್ಲಿ, ಅಪ್ಪಾಜಿ ನಮ್ಮಿಬ್ಬರನ್ನೂ ಕಲ್ಯಾಣಿಗೆ ಕರೆದುಕೊಂಡು ಹೋದರು. ಶರಣಮ್ಮ ಹಟ ಮಾಡಿ ಡ್ರಾಫ್ಟನ್ನು ತರಿಸಿದ್ದಳು. ಸಹಿ ಹಾಕಿದರೆ ಬೀಬಿ ಎದ್ದು ಕೂರುತ್ತಾಳೆ ಎಂದು ಅವಳ ನಂಬಿಕೆ.

ಖಾಲಾ ಅಣ್ಣನ ಮನೆಯ ಪಡಸಾಲೆಯಲ್ಲಿ, ಮುಚ್ಚಿದ ಅಂಗಡಿಯ ಗೋಡೆಗೆ ಒರಗಿ ಕೂತಿದ್ದರು. ಅಪ್ಪಾಜಿ ಒಳಗೆ ಬಂದರೂ ಸೆರಗು ಎಳೆದುಕೊಳ್ಳಲಿಲ್ಲ. ಅಪ್ಪಾಜಿಯೇ ಮುಖ ತಿರುಗಿಸಿ ಅಂಗಳದ ಕಡೆ ನೋಡುತ್ತ ನಿಂತರು. ಆ ಮನೆಯಲ್ಲಿ ಮುಖ ಮುಚ್ಚಿಕೋ ಎನ್ನುವ ಗಂಡಸು ಒಬ್ಬನೂ ಉಳಿದಿರಲಿಲ್ಲ, ರೂಢಿ ತಪ್ಪಿಹೋಗಿತ್ತು.

ಶರಣಮ್ಮ ಅವರ ಕೈ ಹಿಡಿದುಕೊಂಡು ಏನೇನೋ ಮಾತಾಡಿದಳು. ಜವೆಗೋಧಿ ಈ ಸಲ ಛಲೋ ಅದ, ಶ್ಯಾವಿಗಿ ಮಣಿ ಹಂಗಽ ಅದ, ಒಂದು ಗೀರೂ ಹೋಗಿಲ್ಲ. ಖಾಲಾ ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ. ಕೊನೆಗೆ ಶರಣಮ್ಮ ಅಂದಳು: “ಕಂಪನಿ ಮಾಡೂಣು ಏಳು, ಬೀಬಿ. ಇಬ್ಬರು ಸಾಕಂತ.”

“ಯಾರಿಂದ ಬಿಡಿಸ್ಕೋಬೇಕಂತ ಕಂಪನಿ, ಶರಣೀ?” ಖಾಲಾನ ದನಿ ನೆಲದಿಂದ ಬಂದಂತಿತ್ತು. “ಆ ಮೈದುನ ಇಲ್ಲ, ಆ ಮನೀನಽ ಇಲ್ಲ. ಇಬ್ಬರು ಬೇಕು ಅಂತಿ. ನನ್ನೊಳಗ ಒಬ್ಬಾಕಿನೂ ಉಳಿದಿಲ್ಲ.”

ಆಮೇಲೆ ಅವರು ಅಪ್ಪಾಜಿಯ ಬೆನ್ನ ಕಡೆ ನೋಡಿದರು. “ವಕೀಲ್ ಸಾಬ್. ನಷ್ಟಕ್ಕ ಒಂದು ಮಿತಿ ಅದ ಅಂತ ಹೇಳಿದ್ರಿ. ಅದನ್ನ ಯಾವ ದಫ್ತರದಾಗ ಬರ್ಸಬೇಕಿತ್ರಿ?”

ಅಪ್ಪಾಜಿ ತಿರುಗದೆ ಅಂಗಳಕ್ಕೆ ಇಳಿದುಹೋದರು. ಡ್ರಾಫ್ಟು ನನ್ನ ಚೀಲದಲ್ಲೇ ಉಳಿಯಿತು.

ಶರಣಮ್ಮ ಮಾತ್ರ ಬಿಡಲಿಲ್ಲ. ಐವತ್ತರ ಬೇಸಿಗೆಯಲ್ಲಿ ಮಣೆಯನ್ನು, ಕೋಲನ್ನು, ಒಂದು ಚೀಲ ಗೋಧಿಹಿಟ್ಟನ್ನು ಗಾಡಿಗೆ ಹಾಕಿಕೊಂಡು ಕಲ್ಯಾಣಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಖಾಲಾ ತುಂಬ ಬಡವಾಗಿದ್ದರು. ಮಣೆಯ ಮೇಲೆ ಹತ್ತಲು ಕಸುವಿರಲಿಲ್ಲ. “ನಾ ಒಲ್ಲೆ,” ಅಂದರು.

“ಬ್ಯಾಡ ಬಿಡು. ನೀ ಕೆಳಗ ಕೂಡು, ನಾ ಹತ್ತತೀನಿ,” ಅಂದು ಶರಣಮ್ಮ ತಾನೇ ಹೊರಸಿನ ಮೇಲೆ ಹತ್ತಿ ಕೂತಳು. ಜನ್ಮದಲ್ಲಿ ಮೊದಲ ಸಲ. ಒತ್ತಿದಳು. ಬಂದದ್ದು ಹುಣಸೆಯ ಬರಲಿನಂಥ ದಪ್ಪ ಎಳೆಗಳು, ಒಂದು ಗಿಡ್ಡ, ಒಂದು ಉದ್ದ. ಖಾಲಾ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ನೋಡಿದರು. ತುಟಿ ಅಲುಗಿತು.

“ಇದು ಶ್ಯಾವಿಗಿಯೇನ, ಹುಚ್ಚ ಮೂಳಿ? ಭಾವಿಗಿ ಬಿಡೋ ಹಗ್ಗ! ಎಷ್ಟ್ ವರ್ಷ ಕೆಳಗ ಕೂತು ಏನ್ ನೋಡಿದಿ, ನನ್ನ ಸೀರಿ ಅಂಚಾ? ಅಂಗೈ ಬುಡದಿಂದ ಒತ್ತು! ಬುಡದಿಂದ!”

ಶರಣಮ್ಮ ಒತ್ತುತ್ತಲೇ ಅಳುತ್ತಿದ್ದಳು. “ಬೈಯಿ ಬೀಬಿ, ಇನ್ನೊಂದ್ ಸ್ವಲ್ಪ ಬೈಯಿ,” ಅನ್ನುತ್ತಿದ್ದಳು. ಖಾಲಾ ಬೈದರು. ಬೈಯುತ್ತ ಬೈಯುತ್ತ ಕೋಲು ತುಂಬಿಸಿದರು, ಒಂದು ಎಳೆಯೂ ಹರಿಯಲಿಲ್ಲ. ನಾನು ಹೊರಡುವಾಗ ನನ್ನ ಗಲ್ಲ ಮುಟ್ಟಿ ಕೇಳಿದರು, “ಆ ಕಾಗದ ಅದ ಏನು, ಬೇಟಾ?”

“ಅದ, ಖಾಲಾ. ಮನ್ಯಾಗ ಇಟ್ಟೀನಿ.”

“ಮಳಿಗಾಲ ದಾಟ್ಲಿ. ಕೈಗಿ ಒಂದೀಟು ಕಸುವು ಬರ್ಲಿ, ಸಹಿ ಹಾಕ್ತೀನಿ. ಕಡೀಗಿ ಮರ್ಯಾದಿತ ಅಂತ ಬರೆಯೋದು ಮರೀಬ್ಯಾಡ.”

ಅವರು ಮಳೆಗಾಲ ದಾಟಲಿಲ್ಲ. ಜ್ವರ ಎಂದರು. ಸುದ್ದಿ ಹುಮನಾಬಾದಿಗೆ ಬಂದಾಗ ಮಣ್ಣು ಮಾಡಿ ಮುಗಿಸಿದ್ದರು. ಮುಂದೆ ಒಮ್ಮೆ ಹೋಗಿ ನೋಡಿದೆ. ಅವರು ಹೇಳಿದ್ದು ನಿಜ, ಗೋರಿಯ ಮೇಲೆ ಹೆಸರಿರಲಿಲ್ಲ. ಆ ಹೆಸರು ಇಂದಿಗೂ ನನಗೆ ನೆನಪಿದೆ, ಒಂದೊಂದು ಅಕ್ಷರದ ಸ್ಪೆಲಿಂಗ್ ಸಮೇತ. ಬರೆಯುವುದಿಲ್ಲ. ಅವರು ಅದನ್ನು ಬಿಟ್ಟುಕೊಟ್ಟದ್ದು ಕಂಪನಿಗೆ, ನನಗಲ್ಲ.

ಆ ವರ್ಷದ ದೀಪಾವಳಿಗೆ ಶರಣಮ್ಮ ಒಂದು ತಟ್ಟೆ ಶ್ಯಾವಿಗೆ ತಂದು ಅಪ್ಪಾಜಿಯ ಮುಂದಿಟ್ಟಳು. ಬೇಸಿಗೆಯಲ್ಲಿ ಇಬ್ಬರೂ ಮಾಡಿದ್ದು, ಅರ್ಧ ದಪ್ಪ, ಅರ್ಧ ಸಣ್ಣ.

“ತಗೋರಿ ವಕೀಲ್ರ, ನಮ್ಮ ಕಂಪನೀದು.”

ಅಪ್ಪಾಜಿ ತಟ್ಟೆ ನೋಡಿದರು, ನನ್ನನ್ನು ನೋಡಿದರು.

“ಮಂದಿ ಏನೇನೋ ಅಂತಾರ್ರಿ,” ಅಂದಳು ಶರಣಮ್ಮ. “ಬೀಬಿ ಹೋದ್ಳು, ಇನ್ನೆಲ್ಲೀದು ಕಂಪನಿ ಅಂತಾರ. ನಾನಂದೆ, ಮಾಡಿದವರು ಸತ್ರೂ ಕಂಪನಿ ಸಾಯಂಗಿಲ್ಲ, ವಕೀಲ್ರು ಪುಸ್ತಕ ನೋಡಿ ಹೇಳ್ಯಾರ ಅಂತ. ಹೌದಲ್ರಿ?”

ಅಪ್ಪಾಜಿ ಕೋರ್ಟಿನಲ್ಲಿ ಒಂದು ಅಲ್ಪವಿರಾಮಕ್ಕೂ ಜಗಳವಾಡುವ ಮನುಷ್ಯ. ಸಹಿಯಿಲ್ಲದ ಡ್ರಾಫ್ಟು ಅವರ ಹಿಂದಿನ ಕಪಾಟಿನಲ್ಲೇ ಇತ್ತು. ಹುಟ್ಟೇ ಇರದ ಕಂಪನಿ ಸಾಯುವುದಾದರೂ ಹೇಗೆ ಎಂದು ಅವರು ಹೇಳಲಿಲ್ಲ. ಒಂದು ದಪ್ಪ ಎಳೆಯನ್ನು ಮುರಿದು ಬೇಯಿಸದೆ ಹಾಗೇ ಬಾಯಿಗೆ ಹಾಕಿಕೊಂಡರು. ಕಟ್ಟೆಂದು ಸದ್ದಾಯಿತು.

“ಹೌದವ್ವ,” ಅಂದರು. “ಸಾಯಂಗಿಲ್ಲ.”